ನಾನೇ ತುಂಬಿಕೊಟ್ಟ ಅರ್ಜಿ

ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಮಳೆಗೆ ಲಕೋಟೆ ನೆನೆದು ಶಾಯಿ ಹರಡಬಹುದಿತ್ತು. ಅಂಕಪಟ್ಟಿಯ ನಕಲಿಗೆ ನಾನು ಒತ್ತಿದ ದೃಢೀಕರಣದ ಮೊಹರು, ಅಂದರೆ ಈ ನಕಲು ಅಸಲಿನಂತೆಯೇ ಇದೆ ಎಂದು ಅಧಿಕಾರಿ ಹಾಕುವ ಮುದ್ರೆ, ಮಸುಕಾಗಿದೆಯೆಂದು ಗುಮಾಸ್ತ ಮುಖ ಸಿಂಡರಿಸಬಹುದಿತ್ತು. ಫೋಟೊದ ಅಂಟು ಬಿಟ್ಟು ನಾಗಮಣಿಯ ಮುಖ ಇನ್ಯಾರದೋ ಅರ್ಜಿಯ ಮೇಲೆ ಹೋಗಿ ಕೂರಬಹುದಿತ್ತು. 1990ರಲ್ಲಿ ಕೊಳ್ಳೇಗಾಲದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕನಾಗಿದ್ದ ನಾನು, ಒಬ್ಬ ವಿದ್ಯಾರ್ಥಿನಿಯ ಎಂ.ಎಸ್ಸಿ. ಅರ್ಜಿಗಾಗಿ ಹೀಗೆ ಹದಿನೈದು ದಿನ ಚಡಪಡಿಸಿದೆ. ಇವುಗಳಲ್ಲಿ ಒಂದೂ ಆಗಲಿಲ್ಲ.

ನಾಗಮಣಿ ಯಳಂದೂರು ತಾಲ್ಲೂಕಿನ ಹೊನ್ನೂರಿನವಳು. ಅಪ್ಪನಿಗೆ ಭತ್ತ, ಕಬ್ಬಿನ ಬೇಸಾಯ. ಬಿ.ಎಸ್ಸಿ.ಯಲ್ಲಿ ಅವಳದು ಸಿ.ಬಿ.ಝೆಡ್., ಅಂದರೆ ರಸಾಯನ, ಸಸ್ಯ ಮತ್ತು ಪ್ರಾಣಿಶಾಸ್ತ್ರ ಮೂರೂ. ಮುಂದೆ ಎಂ.ಎಸ್ಸಿ.ಗೆ ಒಂದನ್ನೇ ಆರಿಸಿಕೊಳ್ಳಬೇಕು. ಹನ್ನೊಂದು ಮಂದಿಯ ತರಗತಿಯಲ್ಲಿ ಅವಳೇ ಮೊದಲು. ಇವಳು ನನ್ನ ವಿದ್ಯಾರ್ಥಿನಿ ಎಂದು ಮೊದಲ ವರ್ಷದಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಅವಳಿಗೆ ತಿಳಿಸಿರಲಿಲ್ಲ, ಅಷ್ಟೆ.

ಅಡ್ಡಿಯಾಗಿದ್ದವನು ಪ್ರಾಣಿಶಾಸ್ತ್ರದ ರಂಗಸ್ವಾಮಿ. ಅವನ ಬಳಿ ನೋಟ್ಸ್ ಇರಲಿಲ್ಲ, ಸಮಯಪ್ರಜ್ಞೆ ಇರಲಿಲ್ಲ, ಬಹಳ ದಿನ ಇಸ್ತ್ರಿಯೂ ಇರಲಿಲ್ಲ. ಪಾಠವನ್ನು ಅರ್ಧಕ್ಕೆ ಬಿಟ್ಟು ಹುಡುಗರನ್ನು ಕೆರೆಯಂಗಳಕ್ಕೆ ಹೊರಡಿಸಿಬಿಡುತ್ತಿದ್ದ. ನಮ್ಮ ಎರಡು ಪ್ರಯೋಗಾಲಯಗಳ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಈಚೆ ನಾನು ಬೇರಿನ ಅಡ್ಡಸೀಳಿಕೆಯ ಚಿತ್ರಕ್ಕೆ ಹೆಸರು ಬರೆಸುತ್ತಿದ್ದರೆ ಆಚೆಯಿಂದ ನಗು ಕೇಳುತ್ತಿತ್ತು. ಬೇರಿನ ವಿಷಯದಲ್ಲಿ ನಗುವಂಥದ್ದು ಏನಾದರೂ ಇದೆಯೇ ಎಂದು ಮನೆಯಲ್ಲಿ ಕೂತು ಹುಡುಕಿದ್ದೂ ಉಂಟು.

ಒಂದು ಬೆಳಿಗ್ಗೆ ನಾಗಮಣಿ ಎಲೆಯೊಂದನ್ನು ಅಂಗೈಲಿಟ್ಟುಕೊಂಡು ಓಡೋಡಿ ಬಂದಳು. ನನ್ನ ಬಾಗಿಲನ್ನು ದಾಟಿ ರಂಗಸ್ವಾಮಿಯ ಕಡೆ ಹೋದಳು.

"ಸಾ, ನೋಡಿ ಸಾ! ಗದ್ದೆ ಬದೀಲಿ ಸಿಕ್ತು. ನೊರೆ ಒಳ್ಗೆ ಮೊಟ್ಟೆ ಅವೆ!"

"ಕಪ್ಪೆ ಗೂಡು ಕಣಮ್ಮಾ! ಬಸ್ಸಲ್ಲಿ ಹೆಂಗ್ ತಂದೆ?"

"ಕಂಡಕ್ಟ್ರು ಬೈದ್ರು ಸಾ. ಟಿಪನ್ ಬಾಕ್ಸ್ ಮುಚ್ಚಳದಲ್ಲಿ ಇಟ್ಕಂಡು ನಿಂತೇ ಬಂದೆ."

ಹೊನ್ನೂರಿನಿಂದ ನಿಂತೇ ಬಂದಿದ್ದಳು, ಅವನಿಗಾಗಿ. ನನ್ನ ಬಳಿ ಬರುವಾಗ ಅವಳ ಕೈಯಲ್ಲಿ ಇರುತ್ತಿದ್ದದ್ದು ಸಹಿಗಾಗಿ ತಂದ ರೆಕಾರ್ಡ್ ಪುಸ್ತಕ ಮಾತ್ರ. ಕಪ್ಪೆ ಅವನ ವಿಷಯ, ಒಪ್ಪಿದೆ. ಆದರೆ ಗೂಡು ಇದ್ದದ್ದು ಎಲೆಯ ಮೇಲೆ. ಆ ಎಲೆ ಯಾವ ಗಿಡದ್ದೆಂದಾದರೂ ನನ್ನನ್ನು ಕೇಳಬಹುದಿತ್ತು.

ಫಲಿತಾಂಶ ಬಂತು, ಎಂ.ಎಸ್ಸಿ. ಅರ್ಜಿಯೂ ಬಂತು. ಆಗ ನಮ್ಮಲ್ಲಿ ಹಳ್ಳಿಯಿಂದ ಬಂದ ಮಕ್ಕಳ ಅರ್ಜಿಯನ್ನು ಮೇಷ್ಟ್ರೇ ತುಂಬುವುದು ರೂಢಿ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆ ಅವರು ಸಹಿ ಮಾಡುತ್ತಿದ್ದರು. ವಿಷಯದ ಆದ್ಯತೆ ಬರೆಯಲು ಮೂರು ಸಾಲುಗಳಿದ್ದವು. ಮೊದಲನೆಯದರಲ್ಲಿ ಸಸ್ಯಶಾಸ್ತ್ರ ಎಂದು ದುಂಡಗೆ ಬರೆದೆ. ಖಾಲಿ ಬಿಟ್ಟರೆ ಯಾರಾದರೂ ಏನಾದರೂ ತುಂಬಿಯಾರು ಎಂಬ ಭಯಕ್ಕೆ ಉಳಿದೆರಡು ಸಾಲಿಗೂ ಅಡ್ಡಗೀಟು ಎಳೆದೆ. ಅಲ್ಲಿ ತುಂಬಬಹುದಾದ ಆ ಏನಾದರೂ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲಿ ಸಹಿ ಮಾಡಮ್ಮ."

"ಆಯ್ತು ಸಾ."

ಮರುದಿನ ರಂಗಸ್ವಾಮಿ ಕೇಳಿದ, "ಏನಯ್ಯ, ನನ್ನ ಕಪ್ಪೆ ಹುಡುಗೀನ ಗಿಡಕ್ಕೆ ಕಟ್ಟಾಕ್ಬುಟ್ಯಂತೆ?"

"ಅವಳೇ ಸಹಿ ಮಾಡಿದ್ದಾಳೆ," ಎಂದೆ. ಅವನು ನಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವನನ್ನು ಗೆದ್ದಂತಾಗಿ ಅಂದು ಎರಡು ಕಾಫಿ ಕುಡಿದೆ.

ಆಯ್ಕೆಯ ದಿನ ತಂದೆ ಮಗಳ ಜೊತೆ ನಾನೂ ಮೈಸೂರಿಗೆ ಹೋದೆ. ಮೊದಲ ಪಟ್ಟಿಯಲ್ಲೇ ಅವಳ ಹೆಸರಿತ್ತು. ಕರೆಯುವುದನ್ನು ಕಾಯುತ್ತ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಾಗ ಅವಳಪ್ಪ ಬಾಗಿಲ ಮೇಲಿನ ಬೋರ್ಡನ್ನೇ ನೋಡುತ್ತಿದ್ದರು.

"ಅಲ್ಲ ಸಾ, ಇದು ಗಿಡದ್ದಾ? ನಮ್ ಮಗು ಮನೇಲಿ ಕಪ್ಪೆ ಕಪ್ಪೆ ಅಂತ ಪ್ರಾಣ ತಿಂತಿತ್ತಲ್ಲ?"

"ಸುಮ್ಕಿರಪ್ಪಾ," ಎಂದು ನಾಗಮಣಿ ತಲೆ ತಗ್ಗಿಸಿದಳು.

"ನನಗೆ ಯಾಕಮ್ಮ ಹೇಳಲಿಲ್ಲ?"

"ನೀವೇ ಬರ್ದಿದ್ರಲ್ಲ ಸಾ."

ನಾನು ಎದ್ದು ಒಳಗೆ ಹೋದೆ. ಅರ್ಜಿಯನ್ನು ತಿದ್ದಲು ಆಗುತ್ತದೆಯೇ ಎಂದು ಸಮಿತಿಯ ಅಧ್ಯಕ್ಷರನ್ನು ಕೇಳಿದೆ. ಅವರು ಹಾಳೆ ತಿರುಗಿಸಿ ನೋಡಿದರು. "ಖಾಲಿ ಬಿಟ್ಟಿದ್ದರೆ ಈಗಲೂ ಬರೆಸಿಕೊಳ್ಳುತ್ತಿದ್ದೆ. ಬೇರೆ ವಿಷಯ ಬೇಡ ಅಂತ ಗೀಟು ಎಳೆದಿದ್ದೀರಲ್ಲ ಮೇಷ್ಟ್ರೇ! ಇದು ಬೇಡವಾದರೆ ಮುಂದಿನ ವರ್ಷ ಬರಲಿ."

ಹೊರಗೆ ಬಂದು ವಿಷಯ ತಿಳಿಸಿದೆ. ಮುಂದಿನ ವರ್ಷದವರೆಗೆ ಅವಳಪ್ಪ ಅವಳನ್ನು ಮದುವೆ ಮಾಡದೆ ಇರಿಸಿಕೊಳ್ಳುವುದು ಅನುಮಾನ ಎಂಬುದು ಅವಳಿಗೂ ಗೊತ್ತಿತ್ತು.

"ಬುಡಿ ಸಾ," ಎಂದಳು. "ಗಿಡಾನೇ ಓದ್ತೀನಿ."

ಓದಿದಳು, ಚೆನ್ನಾಗಿಯೇ. 2004ರಲ್ಲಿ ಕೆಲಸದ ಮೇಲೆ ಹನೂರಿಗೆ ಹೋದವನು, ಅವಳು ಜೀವಶಾಸ್ತ್ರ ಕಲಿಸುತ್ತಿದ್ದ ಕಾಲೇಜನ್ನು ವಿಚಾರಿಸಿಕೊಂಡು ಹೋದೆ. ಕೊಠಡಿ ಖಾಲಿಯಿತ್ತು. ಎಲ್ಲರೂ ಊರಾಚೆ ನೀರಿನಂಚಿನಲ್ಲಿದ್ದರು. ನಾಗಮಣಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಸುತ್ತ ಮಕ್ಕಳು ನಗುತ್ತಿದ್ದರು. ನೀರುಗಿಡದ ಬೇರಿನಲ್ಲಿ ನಗುವಂಥದ್ದು ಅವಳಿಗೆ ಸಿಕ್ಕಿತ್ತು.

ಎದ್ದು ಕೈಮುಗಿದಳು. "ನಮ್ ಮೇಷ್ಟ್ರು ಕಣ್ರೋ. ನಾನ್ ಬರ್ಸೋ ನೋಟ್ಸೆಲ್ಲ ಇವ್ರದೇ."

ನನ್ನೆದೆ ಉಬ್ಬಿತು. ಆಗ ಹುಡುಗಿಯೊಬ್ಬಳು ಕೇಳಿದಳು, "ಇಂಗೆ ಹೊರಕ್ಕೆ ಕರ್ಕಬಂದು ತೋರ್ಸೋದ್ನೂ ಇವ್ರೇ ಕಲ್ಸಿದ್ದಾ ಮಿಸ್?"

"ಅಲ್ಲ," ಎಂದಳು ನಾಗಮಣಿ. "ಅವ್ರು ಬೇರೆ."

ಆ 'ಅವ್ರು' ಎನ್ನುವಾಗ ಅವಳ ಮುಖ ಹೇಗೆ ಅರಳಿತು ಎಂಬುದನ್ನು ಬರೆಯುವಷ್ಟು ಉದಾರಿ ನಾನಿನ್ನೂ ಆಗಿಲ್ಲ. ಅವಳ ವಿಷಯವನ್ನು ನಾನು ಕಸಿದುಕೊಂಡೆ. ರಂಗಸ್ವಾಮಿ ಒಂದು ಅರ್ಜಿಯನ್ನೂ ತುಂಬದೆ ಅವಳ ತರಗತಿಯಲ್ಲಿ ಕೂತಿದ್ದಾನೆ. ನನ್ನ ಹೊಟ್ಟೆಯುರಿ ಹದಿನಾಲ್ಕು ವರ್ಷವಾದರೂ ಆರಿರಲಿಲ್ಲ.

ಈಗ ಯಾರಾದರೂ ಅರ್ಜಿ ತಂದರೆ ಪೆನ್ನನ್ನು ಅವರ ಕೈಗೇ ಕೊಟ್ಟು ಕಿಟಕಿಯ ಕಡೆ ತಿರುಗಿ ಕೂರುತ್ತೇನೆ. ಕೆಲಸ ನನಗೆ ಕಲಿಸಿದ್ದು ಇಷ್ಟೆ. ಆ ಹದಿನೈದು ದಿನಗಳಲ್ಲಿ ಬಸ್ಸು, ಮಳೆ, ಮೊಹರು, ಅಂಟು ಎಲ್ಲವನ್ನೂ ಅನುಮಾನಿಸಿದ್ದ ನಾನು, ಎದುರಿಗೆ ನಿಂತಿದ್ದ ಹುಡುಗಿಯನ್ನು ಒಂದೇ ಒಂದು ಸಲ "ನಿನಗೇನು ಬೇಕಮ್ಮ?" ಎಂದು ಕೇಳಿರಲಿಲ್ಲ.