ಎಂಟು ತಾಸು ನಿದ್ದೆಯ ಪುಣ್ಯವಂತೆ

ನನ್ನ ವ್ಯಕ್ತಿತ್ವ ಎಷ್ಟು ವಿಕಸನಗೊಂಡಿದೆ ಎಂಬ ಸಂಶಯ ಬಂದಾಗ ನಾನು ಕನ್ನಡಿ ನೋಡಿಕೊಳ್ಳುವುದಿಲ್ಲ, ಕಪಾಟಿನಲ್ಲಿರುವ ನೀಲಿ ಫೈಲು ತೆರೆಯುತ್ತೇನೆ. ಓದು, ಸಂಶೋಧನೆ, ನಾಯಕತ್ವ, ಸೇವೆ ಎಂದು ನಾಲ್ಕೂ ದಿಕ್ಕಿಗೆ ನಾನು ಬೆಳೆದದ್ದಕ್ಕೆ ಅದರಲ್ಲಿ ಪ್ರಮಾಣಪತ್ರಗಳಿವೆ. ತೊಗರಿ ಬೆಳೆಯುವುದಕ್ಕೂ ತಿಂಗಳುಗಟ್ಟಲೆ ಬೇಕು. ನಾನು ಏಳೇ ದಿನಗಳ ಶಿಬಿರದಲ್ಲಿ ಬೆಳೆದು ಕಟಾವಿಗೆ ಬಂದಿದ್ದೆ.

ಜೇವರ್ಗಿಯಿಂದ ಆಳಂದಕ್ಕೆ ಬಂದು ಡಿಗ್ರಿ ಓದುತ್ತಿದ್ದ ಕಾಲ. ಕೊನೆಯ ವರ್ಷ ನರೋಣಾ ದಾಟಿ ಒಂದು ಹಳ್ಳಿಯಲ್ಲಿ ಸೇವಾ ಶಿಬಿರ ನಡೆಯಿತು, ನಾನೇ ಅದರ ನಾಯಕ. ಸೇವೆಯ ಜೊತೆಗೆ ಸಂಶೋಧನೆಯೂ ಇತ್ತು. ನಲವತ್ತು ಮನೆಗಳಿಗೆ ಹೋಗಿ, ಹೆಣ್ಣುಮಕ್ಕಳ ದಿನಚರಿ ವಿಚಾರಿಸಿ ಫಾರ್ಮು ತುಂಬಬೇಕು. ನೀರಿನ ತ್ರಾಸು ಎಲ್ಲಿ ಹೆಚ್ಚೆಂದು ವರದಿ ಹೇಳುತ್ತದೋ ಆ ಓಣಿಗೆ ನಳ ಹಾಕಿಸುತ್ತೇವೆಂದು ಊರ ಹಿರಿಯರು ಒಪ್ಪಿದ್ದರು.

ನಾಯಕನಾದವನು ಸಮಯ ಉಳಿಸಬೇಕಲ್ಲವೇ? ಹೆಸರುಗಳ ಪಟ್ಟಿ ಮೊದಲೇ ಕೈಯಲ್ಲಿತ್ತು. ಊರು ಬರುವುದರೊಳಗೆ ಬಸ್ಸಿನಲ್ಲೇ ಎಲ್ಲ ಫಾರ್ಮು ತುಂಬಿಸಿಬಿಟ್ಟೆ. ನಿದ್ದೆ ಎಂಟು ತಾಸು, ನೀರು ತರಲು ಐದು ನಿಮಿಷ, ಬಿಡುವಿನಲ್ಲಿ ಪುಸ್ತಕ ಓದುವುದು. ರಸ್ತೆಯ ತಗ್ಗುಗಳ ದಯದಿಂದ ಒಂದು ಫಾರ್ಮಿನ ಅಕ್ಷರ ಇನ್ನೊಂದರಂತೆ ಕಾಣುತ್ತಿರಲಿಲ್ಲ.

ನಮ್ಮ ಕಡೆಯ ಶರಣರು ದುಡಿಮೆಗೆ ಕಾಯಕ ಎಂದರು. ನಾವು ಓದಿದವರು ಅದನ್ನು ಚಟುವಟಿಕೆ ಎಂದು ತಿದ್ದಿ, ಫೋಟೋ ತೆಗೆಸಿಕೊಂಡೆವು. ಸೇವೆಗೆಂದು ಹೋದ ನಮಗೆ ರೊಟ್ಟಿ ಬಡಿಯಲು, ನಾವು ಕಸ ಗುಡಿಸಿದ ಜಾಗವನ್ನು ಮತ್ತೊಮ್ಮೆ ಗುಡಿಸಲು ಊರಿನ ಹೆಂಗಸರೇ ಬೇಕಾದರು. ಅವರಲ್ಲಿ ಒಬ್ಬಳು ಶಾಂತವ್ವ. ಆರನೆಯ ದಿನ ರೊಟ್ಟಿ ಬಡಿಯುತ್ತಲೇ, ತನ್ನ ಹೆಸರಿನಲ್ಲಿ ಏನು ಬರೆದಿದ್ದೀರಿ, ತನ್ನ ಓಣಿಗೆ ನಳ ಬರುತ್ತದೆಯೇ ಎಂದು ಕೇಳಿದಳು. ನಾನು ಜಾಣನಂತೆ ಫಾರ್ಮು ತೆಗೆದು ಓದಿಬಿಟ್ಟೆ. ಅವಳ ಕೈ ನಿಂತಿತು.

"ಅಕಿ ಯಾರೋ ತಮ್ಮಾ? ಭಾಳ ಪುಣ್ಯವಂತಿ ಅದಾಳ. ನನಗೂ ಒಮ್ಮಿ ಭೆಟ್ಟಿ ಮಾಡಸು."

ಅವತ್ತು ಅವಳ ಎದುರಿಗೆ ಕುಳಿತು ಇನ್ನೊಂದು ಫಾರ್ಮು ತುಂಬಿದೆ. ನಸುಕಿನಲ್ಲಿ ಏಳುವುದು, ಹಳ್ಳದಾಚೆಯ ಬಾವಿಗೆ ಮೂರು ಸಲ ಹೋಗುವುದು, ಆಮೇಲೆ ಕೂಲಿ. ಬಿಡುವಿನಲ್ಲಿ ಏನು ಮಾಡುತ್ತೀ ಎಂಬ ಸಾಲನ್ನು ಖಾಲಿ ಬಿಟ್ಟೆ. ಫಾರ್ಮನ್ನು ನಮ್ಮ ಮಾರ್ಗದರ್ಶಕರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿ, "ಉಳಿದ ಮೂವತ್ತೊಂಬತ್ತರ ಜೋಡಿ ಇದು ಹೊಂದೂದಿಲ್ಲ. ತಗದುಬಿಡು" ಎಂದರು. ಸುಳ್ಳು ಆ ಮೂವತ್ತೊಂಬತ್ತೇ ಎಂದು ನಾನು ಹೇಳಬಹುದಿತ್ತು. ಮರುದಿನ ಉತ್ತಮ ನಾಯಕನ ಪ್ರಮಾಣಪತ್ರ ಕೊಡುವವರಿದ್ದರು. ನನಗೆ ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಗಿಂತ ಪ್ರಮಾಣಪತ್ರದ ಕಾಗದ ದಪ್ಪವಾಗಿತ್ತು. ಫಾರ್ಮು ತೆಗೆದೆ. ವರದಿಯ ಪ್ರಕಾರ ಆ ಊರಿನ ಯಾವ ಓಣಿಗೂ ನೀರಿನ ತ್ರಾಸಿರಲಿಲ್ಲ, ಹಾಗಾಗಿ ನಳವೂ ಬರಲಿಲ್ಲ.

ಇಷ್ಟೆಲ್ಲ ವಿಕಸನಗೊಂಡವನು ಮೇಷ್ಟ್ರಾಗದೆ ಇನ್ನೇನಾದಾನು? ಈಗ ಅಫಜಲಪುರದಲ್ಲಿ ಪಾಠ ಹೇಳುತ್ತೇನೆ, ಶಿಬಿರಗಳಿಗೆ ನಾನೇ ಮಾರ್ಗದರ್ಶಕ. ಹೋದ ವರ್ಷ ಹುಡುಗರನ್ನು ಕರೆದುಕೊಂಡು ಅದೇ ರಸ್ತೆಯಲ್ಲಿ ಹೋಗುವಾಗ, ಖಾಲಿ ಕೊಡ ಹಿಡಿದ ಹೆಂಗಸರ ಸಾಲು ರಸ್ತೆ ದಾಟಲೆಂದು ಬಸ್ಸು ನಿಂತಿತು. ಸಾಲಿನ ಕೊನೆಯಲ್ಲಿ ಶಾಂತವ್ವ. ತಲೆ ನರೆತಿತ್ತು. ಕಿಟಕಿಯಲ್ಲಿದ್ದ ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು.

"ಸರ, ಆ ಪುಣ್ಯವಂತಿ ಸಿಕ್ಕಳೇನ್ರಿ?"

ಸಿಕ್ಕಿದ್ದಳು. ನನ್ನ ಹಿಂದಿನ ಸೀಟುಗಳಲ್ಲಿ ಹುಡುಗರು ತಲೆ ಬಗ್ಗಿಸಿ ಅವಳ ಬಗ್ಗೆಯೇ ಬರೆಯುತ್ತಿದ್ದರು, ನಿದ್ದೆ ಎಂಟು ತಾಸು.

ಫಾರ್ಮುಗಳನ್ನು ಕಸಿದುಕೊಂಡು ಎಲ್ಲರನ್ನೂ ಅಲ್ಲೇ ಇಳಿಸಿದೆ. ಆ ಹೆಂಗಸರಿಂದ ಕೊಡಗಳನ್ನು ಇಸಿದುಕೊಂಡು ಅವರ ಹಿಂದೆಯೇ ಬಾವಿಗೆ ನಡೆದೆವು. ಹೋಗಿ ಬರಲು ಐದು ನಿಮಿಷವಂತೂ ಅಲ್ಲ. ಎಷ್ಟು ಹಿಡಿಯಿತೆಂದು ಬರೆದುಕೊಳ್ಳಲು ಯಾರ ಕೈಯೂ ಖಾಲಿ ಇರಲಿಲ್ಲ, ನನ್ನದೂ.