ಹತ್ತರಾಗ ಮೂರು ಕಳಿ

ನನ್ನ ಪ್ರಾಜೆಕ್ಟ್ ಗೈಡ್ ಕುಷ್ಟಗಿ ಕಡೆಯವರು. ಆದರೆ ಕೊಪ್ಪಳದಲ್ಲಿ ಬಸ್ಸಿಳಿದು ಕಾಲೇಜಿನ ಗೇಟು ದಾಟಿದರೆ ಅವರ ಬಾಯಲ್ಲಿ ಕನ್ನಡ ಒಣಗಿಹೋಗುತ್ತಿತ್ತು. ಮತ್ತೆ ಚಿಗುರುತ್ತಿದ್ದದ್ದು ಬೈಯುವಾಗ ಮಾತ್ರ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವುದು ಕಂಪೈಲರ್. ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದ ಒಂದು ಓಪನ್ ಸೋರ್ಸ್ ಕಂಪೈಲರ್ ನನಗೆ ಸಿಡಿಯಲ್ಲಿ ಸಿಕ್ಕಿತ್ತು. ಅದರ ಮುಂಭಾಗ ಮಾತ್ರ ತಯಾರಿತ್ತು. ಪ್ರೋಗ್ರಾಂ ಓದುತ್ತಿತ್ತು, ತಪ್ಪು ಹಿಡಿಯುತ್ತಿತ್ತು, ಆಮೇಲೆ ಸುಮ್ಮನೆ ಕೂತುಬಿಡುತ್ತಿತ್ತು. ಥೇಟ್ ನಮ್ಮ ಗೈಡ್. ಅದಕ್ಕೆ, ನಮ್ಮ ಪ್ರೋಗ್ರಾಮಿಗೂ ಯಂತ್ರದ ಭಾಷೆಗೂ ನಡುವಿನ ಕೋಡ್ ಹುಟ್ಟಿಸುವ ಭಾಗವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಲು ಹೊರಟೆ. ಮೊದಲು ಬರೀ ಅಂಕಿ, ಅದು ಸರಿಯಾಗಿ ನಡೆದ ಮೇಲೆ ಕೂಡಿಸುವುದು, ಆಮೇಲೆ ಕಳೆಯುವುದು.

"ಹಿಂಗ ತುಣುಕು ತುಣುಕು ಮಾಡಿದ್ರ ಅದಕ್ಕ ಪ್ರಾಜೆಕ್ಟ್ ಅಂತಾರೇನು?" ಎಂದರು ಗೈಡ್. "ಛಲೋತ್ನಾಗಿ ಮುಗಿಸಿ ತೋರ್ಸು. ಇಲ್ಲಂದ್ರ ಸಹಿ ಹಾಕಂಗಿಲ್ಲ."

ಸಹಿ ಇಲ್ಲದಿದ್ದರೆ ವೈವಾ ಇಲ್ಲ, ವೈವಾ ಇಲ್ಲದಿದ್ದರೆ ಡಿಗ್ರಿ ಇಲ್ಲ. ಈ ಮನುಷ್ಯ ಸಿಲೆಬಸ್ಸನ್ನು ಒಂದು ವರ್ಷವಾದರೂ ಮುಗಿಸಿದವರಲ್ಲ.

ಕೂಡಿಸುವುದು ಸಲೀಸಾಗಿ ಆಯಿತು. ಕಳೆಯುವುದು ಕೈಕೊಟ್ಟಿತು. ಹತ್ತರಲ್ಲಿ ಮೂರು ಕಳೆದರೆ ಮೈನಸ್ ಏಳು ಬಂತು. ಪರದೆ ನೋಡಿ ಗೈಡ್ ಖುಷಿಯಾದರು.

"ಕನ್ನಡ ಮೀಡಿಯಂ ತಲಿ! ಇಂಗ್ಲಿಷ್‌ನಾಗ ವಿಚಾರ ಮಾಡು. ಸಬ್‌ಟ್ರ್ಯಾಕ್ಟ್ ಥ್ರೀ ಫ್ರಮ್ ಟೆನ್. ಸೋಮವಾರ ಸರಿ ಇರಲಿಲ್ಲಂದ್ರ ಮುಂದಿನ ವರ್ಷ ಬಾ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಲಿಸಲಾರದವರಿಗೆ ನನ್ನ ಮೀಡಿಯಂ ಡೊಂಕಾಗಿತ್ತು.

ಅವತ್ತು ಯಲಬುರ್ಗಾ ಬಸ್ಸಿನಲ್ಲಿ ಸೀಟು ಸಿಗದೆ ನಿಂತುಕೊಂಡು, "ಹತ್ತರಾಗ ಮೂರು ಕಳಿ, ಹತ್ತರಾಗ ಮೂರು ಕಳಿ" ಎಂದು ಗೊಣಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೇಳಿ ಕೇಳಿ ಸಾಕಾಗಿ, "ಏಳು, ಯವ್ವಾ! ಇಷ್ಟ ದೊಡ್ಡಾಕಿ ಆಗಿ ಇಷ್ಟೂ ಬರಂಗಿಲ್ಲೇನು?" ಎಂದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಯಾಕೆಂದರೆ ತಪ್ಪು ಎಲ್ಲಿದೆ ಎಂದು ಅಷ್ಟರಲ್ಲಿ ಹೊಳೆದಿತ್ತು. ನನ್ನ ಕೋಡು ಗೈಡ್ ಹೇಳಿದ ಇಂಗ್ಲಿಷ್ ವಾಕ್ಯದ ಹಾಗೆಯೇ ಮೊದಲು ಮೂರು, ಆಮೇಲೆ ಹತ್ತು ಎಂದು ಯಂತ್ರಕ್ಕೆ ಕೊಡುತ್ತಿತ್ತು. ಕೂಡಿಸುವಾಗ ಹಿಂದುಮುಂದಾದರೂ ಲೆಕ್ಕ ತಪ್ಪುವುದಿಲ್ಲ, ಕಳೆಯುವಾಗ ತಪ್ಪುತ್ತದೆ. ಯಂತ್ರಕ್ಕೆ ಬೇಕಾದದ್ದು ಮೊದಲು ಹತ್ತು, ಆಮೇಲೆ ಮೂರು, ಕೊನೆಗೆ ಕಳೆ. ಅಪ್ಪಟ ಕನ್ನಡ!

ಎರಡು ಸಾಲು ಅದಲುಬದಲು ಮಾಡಿದೆ. ಏಳು ಬಂತು. ಸೋಮವಾರ ಗೈಡ್, "ಇಂಗ್ಲಿಷ್‌ನಾಗ ವಿಚಾರ ಮಾಡಿದಿ, ನೋಡು, ಬಂತು" ಎಂದು ಸಹಿ ಹಾಕಿದರು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಕೋಡಿನಲ್ಲಿ ಈ ಕ್ರಮವೇ ಯಾಕೆ ಎಂದು ಕೇಳಿದರು.

"ಕನ್ನಡದಾಗ ಹಿಂಗ ಅಂತೀವ್ರಿ ಸರ್" ಎಂದೆ.

"ಇಂಗ್ಲಿಷ್! ಇಂಗ್ಲಿಷ್!" ಎಂದು ಗೈಡ್ ಗದರಿದರು.

"ಹಾಗಾದರೆ ನೀವೇ ಹೇಳಿ" ಎಂದರು ಪರೀಕ್ಷಕರು.

ಗೈಡ್ ಎದ್ದು ನಿಂತು, ಟೈ ಸರಿಮಾಡಿಕೊಂಡು, ಪರದೆಯ ಮೇಲಿನ ಕೋಡಿಗೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕೊನೆಗೆ ಹೇಳಿದರು: "ಟೆನ್‌ನಾಗ ಥ್ರೀ ಮೈನಸ್ ಮಾಡೋದ್ರಿ, ಸರ್."

ಪರೀಕ್ಷಕರು ಅಂಕ ಬರೆದು ಪೆನ್ನು ಮುಚ್ಚಿದರು. "ನೀನು ಹೋಗಮ್ಮ, ಪಾಸು" ಎಂದರು ನನಗೆ. "ಸರ್, ನೀವು ಸ್ವಲ್ಪ ಕೂತ್ಕೊಳ್ಳಿ."