ಡಬ್ಬಿಯಲ್ಲಿ ಕಂಡ ರಕ್ತ

ಮಕ್ಕಳೇ, ನಿಮ್ಮ ಸಣ್ಣಜ್ಜಿ ಯಾವ ಬೇನೆಯಿಂದ ಹೋದಳು ಎಂದು ನೀವು ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗಿದ್ದೇನೆ. ಹೇಳಲು ಈಗಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಂಗಿ ಜವಳಗೇರಾದ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದಳು. ಅವಳ ಮುಟ್ಟು ನಿಂತು ನಾಲ್ಕೈದು ವರ್ಷವಾಗಿತ್ತು. ಆ ವರ್ಷದ ನಾಟಿಯಲ್ಲಿ ಉಚ್ಚೆ ಹೊಯ್ಯುವಾಗ ಉರಿ ಶುರುವಾಯಿತು. ಮರೆಯಿಲ್ಲದ ಗದ್ದೆಯಲ್ಲಿ ಸಂಜೆಯವರೆಗೆ ತಡೆದುಕೊಳ್ಳುವ ಹೆಂಗಸರಿಗೆ ಅದು ಇದ್ದದ್ದೇ, ಕಾವು ಆಗಿದೆ ಎಂದುಕೊಂಡೆವು. ಮಜ್ಜಿಗೆ ಕುಡಿದಳು, ಸಬ್ಜಾ ಬೀಜ ನೆನೆಸಿ ಕುಡಿದಳು. ಒಂದು ದಿನ ಬಟ್ಟೆ ಒಗೆಯುವಾಗ ಅವಳ ಸೀರೆಯ ಮೇಲೆ ರಕ್ತದ ಕಲೆ ಕಂಡೆ.

“ಇದೇನಬೇ?”

“ನನಗ ಮತ್ತ ಹರೇ ಬಂದೈತಿ,” ಎಂದು ನಕ್ಕಳು. “ಯಾರ ಮುಂದನೂ ಅನಬ್ಯಾಡಕ್ಕ.”

ಇಬ್ಬರೂ ಸಿಂಧನೂರಿನ ದವಾಖಾನೆಗೆ ಹೋದೆವು. ಡಾಕ್ಟರು ನನ್ನ ಮಗನ ವಯಸ್ಸಿನವರು. ಬಾಗಿಲಿಗೆ ಪರದೆ ಮಾತ್ರ, ಆಚೆ ಬೆಂಚಿನ ಮೇಲೆ ನಮ್ಮೂರ ಗಂಡಸರು. “ಉಚ್ಚಿ ಉರೀತೈತ್ರಿ,” ಎಂದು ನಾನೇ ಹೇಳಿದೆ. ಪರೀಕ್ಷೆಗೆ ಒಂದು ಡಬ್ಬಿ ಕೊಟ್ಟರು.

“ಇಷ್ಟ ಸಣ್ಣ ಡಬ್ಬ್ಯಾಗ ಹೆಂಗ ಹಿಡೀಲಿ? ಇದೇನ ಕಾಲುವಿ ತೂಬೇನು, ಬೇಕಾದಾಗ ಬಂದ್ ಮಾಡಾಕ?” ಎಂದು ತಂಗಿ ಪಿಸುಗುಟ್ಟಿದಳು. ನನಗೂ ನಗು ಬಂತು.

ಚೀಟಿ ನೋಡಿ ಡಾಕ್ಟರು, “ಮೂತ್ರದಾಗ ರಕ್ತ ಐತಿ, ಸೋಂಕು ಆಗೈತಿ. ಮತ್ತೇನರ ತ್ರಾಸ ಐತೇನ್ರಿ ಅಮ್ಮಾ?” ಎಂದು ಕೇಳಿದರು.

ಆ ರಕ್ತ ಉಚ್ಚೆಯದಲ್ಲ, ಮುಟ್ಟಿನ ಜಾಗದಿಂದ ಬಂದು ಡಬ್ಬಿಗೆ ಬಿದ್ದದ್ದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ತಂಗಿ ನನ್ನ ಮುಖ ನೋಡಿದಳು. ನಾನು ಪರದೆ ನೋಡಿದೆ.

“ಇಲ್ರಿ,” ಎಂದೆ.

ಗುಳಿಗೆಯಿಂದ ಉರಿ ತುಸು ಇಳಿಯಿತು, ಮತ್ತೆ ಏರಿತು. ಹೀಗೆ ಮೂರು ಸಲ ಅದೇ ಡಾಕ್ಟರು, ಅದೇ ಗುಳಿಗೆ, ನನ್ನದೂ ಅದೇ ಮಾತು. ಅಷ್ಟರಲ್ಲಿ ಮುಂದಿನ ನಾಟಿ ಹತ್ತಿರ ಬಂತು. ಒಂದು ದಿನ ಮಸ್ಕಿಗೆ ಹೋದವಳು ಸೊಂಟ ಹಿಡಿದು ಬಸ್ಸಿನಿಂದ ಇಳಿಯಲಾರದೆ ಅತ್ತಳು. ಆಗ ಲಿಂಗಸೂಗೂರಿನ ಹೆಣ್ಣು ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಮಲಗಿಸಿ, ಒಳಗೆ ನೋಡಿ, ಕೈ ತೊಳೆದುಕೊಂಡು ಬಂದರು.

“ಇದು ಉಚ್ಚಿ ಚೀಲದ್ದಲ್ಲರಿ. ಗರ್ಭಚೀಲದ ಬಾಯಿಗೆ ಗಡ್ಡಿ ಬೆಳದೈತಿ. ರಕ್ತ ಯಾವಾಗಿಂದ ಹೋಗಾಕತ್ತೈತಿ?”

“ಹೋದ ನಾಟಿಯಿಂದ್ರಿ,” ಎಂದಳು ತಂಗಿ. ಡಾಕ್ಟರು ನನ್ನತ್ತ ತಿರುಗಿ ನೋಡಿ, ಚೀಟಿ ಬರೆಯತೊಡಗಿದರು.

ರಾಯಚೂರಿಗೆ ಕಳಿಸಿದರು. ಅಲ್ಲಿ ಕ್ಯಾನ್ಸರ್ ಎಂದರು, ಕರೆಂಟು, ಅಂದರೆ ವಿಕಿರಣ, ಕೊಡಿಸಿದೆವು. ತಡವಾಗಿತ್ತು. ಕೊನೆಯ ದಿನಗಳಲ್ಲಿ ಅವಳ ಬಟ್ಟೆ ಬದಲಿಸುತ್ತ, “ನಾನರ ಬಾಯಿ ಬಿಡಬೇಕಿತ್ತು,” ಎಂದೆ.

“ನೀ ನನ್ನ ಮರ್ಯಾದಿ ಉಳಿಸಿದಿ ಬಿಡಕ್ಕ,” ಎಂದಳು. ನಿಜವಾಗಿಯೂ ಹಾಗೇ ನಂಬಿದ್ದಳು.

ಉರಿಯೆಲ್ಲ ಸೋಂಕಲ್ಲ. ಗುಳಿಗೆ ನುಂಗಿದರೂ ಅದು ತಿರುಗಿ ಬಂದರೆ, ಮುಟ್ಟು ನಿಂತವಳಿಗೆ ಒಂದು ಹನಿ ರಕ್ತ ಕಂಡರೂ, ಎಲ್ಲಿಂದ ಎಂದು ಹೆಸರು ಹಿಡಿದು ಹೇಳಿರಿ. ಪರದೆಯಾಚೆ ಯಾರಿದ್ದರೂ ಇರಲಿ. ಜೊತೆಗೆ ಮಾತ್ರ ನನ್ನನ್ನು ಕರೆಯಬೇಡಿ.